‘ಬಾ’ ಉಪನ್ಯಾಸಕ್ಕೆ ಬಂದವರು

ನಮ್ಮ ಯಜಮಾನರು ಹೇಡಿ. ಇದನ್ನು ಬೈಗುಳವಾಗಿ ಹೇಳುತ್ತಿಲ್ಲ, ವರ್ಗೀಕರಣವಾಗಿ ಹೇಳುತ್ತಿದ್ದೇನೆ. ತೆಂಗು ಏಕದಳ, ಮಾವು ದ್ವಿದಳ, ಚಂದ್ರಶೇಖರ ಹಿರೇಮಠ ಹೇಡಿ. ವಿಮಾ ಕಚೇರಿಯಲ್ಲಿ ಇಡೀ ಸೇವೆಯನ್ನು ಯಾರಿಗೂ ‘ಇಲ್ಲ’ ಎನ್ನದೆ ಮುಗಿಸಿದ ಮನುಷ್ಯ. ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನವರ ತಿಂಡಿಯನ್ನು ತಪ್ಪಿ ಇವರ ಮುಂದಿಟ್ಟರೆ ಅದನ್ನೇ ತಿಂದು ಏಳುತ್ತಾರೆ. ರಾಂಗ್ ನಂಬರ್ ಬಂದರೆ ‘ಹೌದ್ರಿ, ಹೌದ್ರಿ’ ಎಂದು ಆಚೆಯವರ ಮನೆಮಂದಿಯ ಆರೋಗ್ಯವನ್ನೆಲ್ಲ ವಿಚಾರಿಸಿ ಇಡುತ್ತಾರೆ.

ನಾನು ಹಾಗಲ್ಲ. ಧಾರವಾಡದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಭಾಷಾವಿಜ್ಞಾನ ಕಲಿಸಿದವಳು. ನನ್ನ ತರಗತಿಯಲ್ಲಿ ಸೊಳ್ಳೆಯೂ ಅಪ್ಪಣೆ ಕೇಳಿ ಹಾರುತ್ತಿತ್ತು. ಯಜಮಾನರು ವಡೋದರಾ, ಸೂರತ್, ಅಹಮದಾಬಾದ್ ಎಂದು ವರ್ಗವಾಗಿ ಅಲೆಯುತ್ತಿದ್ದಾಗ ನಾನು ಧಾರವಾಡ ಬಿಟ್ಟು ಕದಲಲಿಲ್ಲ. ನಿವೃತ್ತಳಾದ ಮೇಲೆ, ತೊಂಬತ್ತಾರನೆಯ ಇಸವಿಯಲ್ಲಿ, ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಹೌಸಿಂಗ್ ಸೊಸೈಟಿಯೊಂದರಲ್ಲಿ ಅವರು ಕೊಂಡಿದ್ದ ಫ್ಲ್ಯಾಟಿಗೆ ಬಂದೆ. ಬಂದು ಎಷ್ಟೋ ತಿಂಗಳಾದರೂ ನನ್ನನ್ನು ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ! ‘ಕೇಮ್ ಛೋ?’ ಎಂದು ಕೇಳುತ್ತಿದ್ದರು, ನಿಜ. ಹೇಗಿದ್ದೀರಿ ಎಂದು ಅದರ ಅರ್ಥ. ಆದರೆ ಅದು ಪ್ರಶ್ನೆಯಲ್ಲ. ಉತ್ತರ ಶುರುವಾಗುವ ಮೊದಲೇ ಕೇಳಿದವರು ಲಿಫ್ಟ್ ಹತ್ತಿರುತ್ತಾರೆ.

ಪಾಠ ಹೇಳುವವಳಿಗೆ ಪಾಠವಿಲ್ಲದಿದ್ದರೆ ಏನಾಗುತ್ತದೆ ಎಂಬುದು ಹೇಳಿಕೊಳ್ಳುವಂಥದ್ದಲ್ಲ. ಫ್ರಿಜ್ಜಿನ ಮೇಲಿನ ತಯಾರಕರ ಹೆಸರಿನ ವ್ಯುತ್ಪತ್ತಿಯನ್ನು ಫ್ರಿಜ್ಜಿಗೇ ವಿವರಿಸುವ ಮಟ್ಟಕ್ಕೆ ಇಳಿದಿದ್ದೆ. ಹಾಗಿರುವಾಗ ಒಂದು ಬೆಳಿಗ್ಗೆ ತರಕಾರಿ ಗಾಡಿಯವನು ನನ್ನನ್ನು ನೋಡಿ “ಬಾ!” ಎಂದ. ಗುಜರಾತಿಯಲ್ಲಿ ಅದು ತಾಯಿ, ಹಿರಿಯಾಕೆ. ಕನ್ನಡದ ಕಿವಿಗೆ ಏಕವಚನದ ಅಪ್ಪಣೆ. ನಾನು ಬದನೆಕಾಯಿ ಬಿಟ್ಟು ಮನೆಗೆ ಓಡಿಬಂದೆ. ಒಂದೇ ಅಕ್ಷರ! ಅದರ ಬೆನ್ನು ಹತ್ತಿದರೆ ಚೀನಾ, ಈಜಿಪ್ತು, ಪಾರಸಿಕ ದೇಶಗಳೆಲ್ಲ ತಿರುಗಿ ಬರಬಹುದು! ಈ ಸೊಸೈಟಿಗೆ ಜ್ಞಾನದ ಬೆಳಕು ಹರಿಸಿಯೇ ತೀರುತ್ತೇನೆ ಎಂದು ಅಲ್ಲೇ ಪ್ರತಿಜ್ಞೆ ಮಾಡಿದೆ. ಸೊಸೈಟಿ ನನ್ನನ್ನು ಕೇಳಿರಲಿಲ್ಲ. ಭಗೀರಥನನ್ನೂ ಗಂಗೆ ಕೇಳಿರಲಿಲ್ಲ.

ಕಾರ್ಯದರ್ಶಿ ಹಸಮುಖಭಾಯಿ ಕೆಳಗಿನ ಮನೆಯವರು. ಸೂರತ್ತಿನಿಂದ ಸೀರೆ ತರಿಸಿ ಮಾರುವ ವ್ಯಾಪಾರ. ಪ್ರತಿ ಭಾನುವಾರ ಸೊಸೈಟಿಯ ಹಾಲ್ ನನಗೆ ಕೊಡಿ, ಪಾಠ ಶುರುಮಾಡುತ್ತೇನೆ ಎಂದು ಕೇಳಿದೆ.

“ಬೆನ್, ಮೊದಲು ಒಂದು ಸಲ ನಿಮ್ಮ ಮನೆಯಲ್ಲೇ ಮಾಡಿ ನೋಡಿ,” ಎಂದರು ಇಲ್ಲಿಯ ವಾಡಿಕೆಯಂತೆ ನನ್ನನ್ನು ಅಕ್ಕನನ್ನಾಗಿಸಿ, ತಲೆ ಕೆರೆಯುತ್ತಾ. “ಜನ ಬಂದರೆ ಹಾಲ್ ನಿಮ್ಮದು.”

ಜನ ಬರಬೇಕು. ನನ್ನ ಉಳಿದ ಆಯುಷ್ಯದಲ್ಲಿ ಒಂದು ತರಗತಿ ಇರುತ್ತದೋ, ಫ್ರಿಜ್ಜೇ ಗತಿಯೋ ಎಂಬುದು ಈ ಒಂದು ಭಾನುವಾರದ ಮೇಲೆ ನಿಂತಿತು.

“ನೀವು ಅಧ್ಯಕ್ಷರು,” ಎಂದು ಯಜಮಾನರಿಗೆ ತಿಳಿಸಿದೆ.

“ನಾನ? ಅಧ್ಯಕ್ಷ ಅಂದ್ರ ಏನ ಮಾಡಬೇಕ?”

“ಬಾಯಿ ಮುಚ್ಚಿಕೊಂಡು ಕೂಡಬೇಕು. ಅದು ನಿಮಗ ಛಲೋ ಬರ್ತದ.”

“ಎಲ್ಲಾರೂ ನನ್ನ ನೋಡ್ತಾರಲ್ಲ ಮತ್ತ?”

“ನೋಡಿದ್ರ ಸವದು ಹೋಗ್ತೀರೇನು?”

ಶುಕ್ರವಾರ ನಸುಕಿನಲ್ಲಿ ಏಳುವಷ್ಟರಲ್ಲಿ ಅಧ್ಯಕ್ಷರು ಮಾಯ! ಸೂರತ್ತಿನ ವರಾಛಾದಲ್ಲಿ ಅವರ ಗೆಳೆಯ ಮಲ್ಲಿಕಾರ್ಜುನ ಇದ್ದಾರೆ, ಬ್ಯಾಂಕಿನವರು. ಅವರ ಮನೆಯಲ್ಲಿ ನಾಮಕರಣವಂತೆ. ಶನಿವಾರ ಮಧ್ಯಾಹ್ನ ಫೋನ್ ಬಂತು. “ಮಲ್ಲಿಕಾರ್ಜುನ ಬಿಡವಲ್ಲ. ಬ್ಯಾಡ ಅನ್ನಾಕ ಬಾಯಿ ಬರವಲ್ದು. ನಾಳೆ ಸಂಜೀಕ ಬರ್ತೇನಿ.”

ಉಪನ್ಯಾಸ ಬೆಳಿಗ್ಗೆ ಒಂಬತ್ತಕ್ಕೆ! ನಾನು ಫೋನ್ ಇಟ್ಟ ರಭಸಕ್ಕೆ ಸೂರತ್ತಿನ ವಜ್ರಗಳೆಲ್ಲ ಅಲುಗಿರಬೇಕು. ಸರಿ, ಅಧ್ಯಕ್ಷರು ಖುದ್ದು ಬರದಿದ್ದರೆ ಅವರ ಫೋಟೋ ಬಂದು ಕೂರಲಿ! ನಿವೃತ್ತಿಯ ದಿನ ತೆಗೆಸಿದ, ಟೈ ಕಟ್ಟಿದ, ಚೌಕಟ್ಟು ಹಾಕಿಸಿದ ಫೋಟೋ ಒಂದಿತ್ತು. ಅದನ್ನು ಇಳಿಸಿ ಒರೆಸಿ ಅಧ್ಯಕ್ಷರ ಕುರ್ಚಿಯ ಮೇಲೆ ಕೂರಿಸಿದೆ. ಮನೆಯಲ್ಲಿ ಕೂಡ ಅವರು ಹೆಚ್ಚುಕಡಿಮೆ ಹಾಗೆಯೇ ಕೂರುವುದು.

ಉಳಿದದ್ದನ್ನೂ ಶಾಸ್ತ್ರೋಕ್ತವಾಗಿ ಮಾಡಿದೆ. ಕುರ್ಚಿಯ ಪಕ್ಕ ದೀಪ, ಏಕೆಂದರೆ ದೀಪ ಬೆಳಗಿಸದೆ ಯಾವ ಕನ್ನಡ ಸಭೆ ನಡೆದಿದೆ? ಊದುಬತ್ತಿ, ಏಕೆಂದರೆ ಅದು ಸಭೆಯ ವಾಸನೆ. ನೆಲಕ್ಕೆ ಹಾಸಲು ಗಾದಿ, ಅದರ ಮೇಲೆ ಬಿಳಿ ಚಾದರ, ಏಕೆಂದರೆ ನವರಾತ್ರಿಯ ಗರ್ಬಾ ಕುಣಿತಕ್ಕಾಗಿ ಸೊಸೈಟಿಯ ಕುರ್ಚಿಗಳೆಲ್ಲ ಅಂಗಳದ ಪೆಂಡಾಲಿಗೆ ಹೋಗಿದ್ದವು. ನಾನು ಉಟ್ಟದ್ದು ಅಚ್ಚ ಬಿಳಿ ಸೀರೆ. ಕೇಳುಗರ ಗಮನ ಮಾತಿನ ಮೇಲಿರಬೇಕು, ಸೀರೆಯ ಮೇಲಲ್ಲ ಎಂಬುದು ನನ್ನ ಹಳೆಯ ನಿಯಮ.

ಇನ್ನು ಪ್ರಚಾರ. ಗೇಟಿನ ಬಳಿ ಒಂದು ಕಪ್ಪು ಹಲಗೆಯಿದೆ. ಶನಿವಾರ ಸಂಜೆ ಸೀಮೆಸುಣ್ಣ ಹಿಡಿದು ಗುಜರಾತಿಯಲ್ಲಿ ಸ್ವಹಸ್ತದಿಂದ ಬರೆದೆ. ಮೇಲೆ ದೊಡ್ಡದಾಗಿ ‘ಶ್ರೀ ಚಂದ್ರಶೇಖರ ಹಿರೇಮಠ’. ಕೆಳಗೆ ‘ರವಿವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಸ್ವಗೃಹದಲ್ಲಿ’. ಅದರ ಕೆಳಗೆ ‘ದಯವಿಟ್ಟು ಯಾರೂ ಉಡುಗೊರೆ ತರಬಾರದು’. ಅಧ್ಯಕ್ಷರ ಹೆಸರು ಮೇಲೆ ಬರುವುದು ಸಭಾಮರ್ಯಾದೆ. ವಿಷಯ ಬರೆಯಲಿಲ್ಲ. ವಿಷಯ ಮೊದಲೇ ಗೊತ್ತಾದರೆ ಜನ ತಪ್ಪು ಅಭಿಪ್ರಾಯಗಳನ್ನು ಸಿದ್ಧಮಾಡಿಕೊಂಡು ಬರುತ್ತಾರೆ.

ಆ ಹಲಗೆಯ ಮೇಲೆ ಎರಡೇ ಬಗೆಯ ಸುದ್ದಿ ಬರೆಯುವ ವಾಡಿಕೆ ಎಂದು ನನಗೆ ತಿಳಿದಿರಲಿಲ್ಲ. ಒಂದು, ನಾಳೆ ನೀರು ಬರುವುದಿಲ್ಲ. ಇನ್ನೊಂದು, ಯಾರೋ ಹೋದರು. ನನ್ನದು ನೀರಿನ ಸುದ್ದಿಯಂತೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲ ಜಾಲರಿಯಾಚೆ ಸುಲೋಚನಾಬೆನ್ ಬಂದು ನಿಂತರು. ಹಸಮುಖಭಾಯಿಯ ಹೆಂಡತಿ. ಯಾವಾಗಲೂ ಗಲಗಲ ಮಾತಾಡುವವರು ಅಂದು ಸೆರಗಿನ ತುದಿ ತಿರುಚುತ್ತಿದ್ದರು.

“ಬೆನ್… ಬೋರ್ಡು ನೋಡಿದೆ…”

“ನೋಡಿದಿರಾ? ಸಂತೋಷ. ನಾಳೆ ತಪ್ಪದೆ ಬನ್ನಿ.”

“ರಾತ್ರಿ ಒಬ್ಬರೇ ಇರುತ್ತೀರಾ? ನಾನು ಬಂದು ಜೊತೆಗೆ ಮಲಗಲೇ?”

“ಯಾಕೆ? ನನಗೆ ಏಕಾಂತ ಬೇಕು. ತಯಾರಿಯ ಕೆಲಸವಿದೆ.”

“ಎಷ್ಟು ಗಟ್ಟಿ ಜೀವ ನಿಮ್ಮದು!”

“ಅಭ್ಯಾಸ,” ಎಂದೆ. “ಇಂಥವು ಎಷ್ಟೋ ಮಾಡಿದ್ದೇನೆ.”

ಸುಲೋಚನಾಬೆನ್ ಎರಡು ಹೆಜ್ಜೆ ಹಿಂದೆ ಸರಿದು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು.

ಆ ಸಂಜೆ ಇನ್ನೊಂದು ಪವಾಡವೂ ನಡೆಯಿತು. ನವರಾತ್ರಿ ಶುರುವಾದಾಗಿನಿಂದ ನನ್ನ ಕಿಟಕಿ ಗಾಜುಗಳನ್ನು ನಡುಗಿಸುತ್ತಿದ್ದ ಗರ್ಬಾದ ಧ್ವನಿವರ್ಧಕ ಒಮ್ಮೆಲೇ ನಿಂತುಹೋಯಿತು! ಅದರ ಬಗ್ಗೆ ನಾನು ಹಿಂದೆ ದೂರು ಕೊಟ್ಟಿದ್ದೆ. ಅಂತೂ ವಿದ್ವತ್ತಿಗೆ ಡೋಲು ತಲೆಬಾಗಿತು ಎಂದುಕೊಂಡು ಸುಖವಾಗಿ ನಿದ್ದೆ ಮಾಡಿದೆ.

ಭಾನುವಾರ ಒಂಬತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಾನು ಒಳಗಿನ ಕೋಣೆಯಿಂದ ಭಾಷೆಗಳ ನಕ್ಷೆ ಹಿಡಿದುಕೊಂಡು ಬಂದಾಗ ಚಾದರದ ಮೇಲೆ ಜಾಗವೇ ಇರಲಿಲ್ಲ. ಎಲ್ಲರೂ ಬಿಳಿ ಬಟ್ಟೆ! ಒಂದು ಪಿಸುಮಾತಿಲ್ಲ! ಎಷ್ಟೋ ವಿಚಾರಸಂಕಿರಣಗಳನ್ನು ಕಂಡಿದ್ದೇನೆ. ಉಪನ್ಯಾಸಕಿಯ ಸೀರೆಗೆ ಹೊಂದುವ ಉಡುಪು ತೊಟ್ಟು ಬಂದ ಸಭಿಕರನ್ನು ಕಂಡಿರಲಿಲ್ಲ. ನಾನು ಕುರ್ಚಿಗೆ ಬೆನ್ನು ಮಾಡಿ, ಸಭೆಗೆ ಮುಖ ಮಾಡಿ ನಿಂತೆ. ಹಿಂದಿರುಗಿ ನೋಡುವ ಪ್ರಮೇಯವೇ ಬರಲಿಲ್ಲ. ಅಧ್ಯಕ್ಷರ ಮುಖದಲ್ಲಿ ಹೊಸದೇನಿದೆ?

“ನಮ್ಮ ಕನ್ನಡದಲ್ಲಿ,” ಎಂದು ಹಿಂದಿಯಲ್ಲಿ ಆರಂಭಿಸಿದೆ, “‘ಬಾ’ ಅಂದರೆ ‘ಇಲ್ಲಿಗೆ ಬರುವಂಥವನಾಗು’ ಎಂಬ ಕರೆ. ತಮಿಳಿನಲ್ಲಿ ಅದೇ ‘ವಾ’. ಮೂಲ ದ್ರಾವಿಡದ ‘ವ’ಕಾರ ನಮ್ಮಲ್ಲಿಗೆ ಬರುವಾಗ ತುಟಿ ಮುಚ್ಚಿಕೊಂಡು ‘ಬ’ಕಾರವಾಯಿತು. ನಿಮ್ಮಲ್ಲಿ ಅದು ತಾಯಿ. ಹಳೆಯ ಮರಾಠಿಯಲ್ಲಿ ತಂದೆ. ಚೀನಾದವರು ಒಂದು ರಾಗದಲ್ಲಿ ಹೇಳಿದರೆ ಎಂಟು, ಇನ್ನೊಂದು ರಾಗದಲ್ಲಿ ಹೇಳಿದರೆ ಅಪ್ಪ. ವಿಯೆಟ್ನಾಮಿನಲ್ಲಿ ಮೂರು. ಪಾರಸಿಯಲ್ಲಿ ‘ಜೊತೆಗೆ’. ಇವೆಲ್ಲ ಒಂದೇ ಬೇರಿನವೇ? ಅಲ್ಲ! ಎಳೆಗೂಸು ತುಟಿ ಕೂಡಿಸಿ ಬಿಟ್ಟರೆ ಬರುವ ಮೊದಲ ಸದ್ದು ಇದು. ತೊಟ್ಟಿಲ ಬಳಿ ಯಾರಿದ್ದರೋ ಅವರು ಅದನ್ನು ತಮ್ಮ ಹೆಸರೆಂದು ತಿಳಿದುಕೊಂಡರು. ಕೆಲವು ದೇಶಗಳಲ್ಲಿ ತಾಯಿ ಇದ್ದಳು. ಕೆಲವು ದೇಶಗಳಲ್ಲಿ ಅಪ್ಪನೂ ಇದ್ದ!”

ಈ ಮಾತಿಗೆ ಧಾರವಾಡದ ಹುಡುಗರು ನಗುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ. ಮುಂದಿನ ಸಾಲಿನ ಮುದುಕರೊಬ್ಬರು ಕಣ್ಣೊರೆಸಿಕೊಂಡರು. ನಾನು ಈಜಿಪ್ತಿಗೆ ಹಾರಿದೆ.

“ಪ್ರಾಚೀನ ಈಜಿಪ್ತಿನಲ್ಲಿ ‘ಬಾ’ ಅಂದರೆ ಆತ್ಮ! ಮನುಷ್ಯನ ತಲೆ, ಹಕ್ಕಿಯ ಮೈ. ಸತ್ತವನ ದೇಹದಿಂದ ಹಾರಿಹೋಗಿ, ಮತ್ತೆ ತನ್ನವರಿದ್ದಲ್ಲಿಗೆ ಸುಳಿಯುತ್ತದೆ ಎಂದು ಅವರ ನಂಬಿಕೆ.”

ಹೆಂಗಸರ ಸಾಲಿನಿಂದ ಬಿಕ್ಕುವ ಸದ್ದು ಬಂತು. ಸುಲೋಚನಾಬೆನ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನನ್ನ ಎದೆ ಉಬ್ಬಿತು. ಇಡೀ ವೃತ್ತಿಜೀವನದಲ್ಲಿ ಒಬ್ಬ ವಿದ್ಯಾರ್ಥಿಯೂ ವ್ಯುತ್ಪತ್ತಿಗಾಗಿ ಅತ್ತಿರಲಿಲ್ಲ!

ತೊಡಕು ಒಂದೇ. ಹತ್ತು ನಿಮಿಷ ಕೂತವರು ಎದ್ದು, ನನಗೂ ನನ್ನ ಬೆನ್ನ ಹಿಂದಕ್ಕೂ ಕೈಮುಗಿದು, ಹೊರಟುಬಿಡುತ್ತಿದ್ದರು. ಅವರ ಜಾಗಕ್ಕೆ ಹೊಸಬರು ಬಂದು ಕೂರುತ್ತಿದ್ದರು. ಹೊಸಬರಿಗೆ ದ್ರಾವಿಡ ಮೂಲವೇ ತಿಳಿಯದೆ ಈಜಿಪ್ತು ತಿಳಿಯುವುದು ಹೇಗೆ? ನಾನು ಪ್ರತಿ ತಂಡಕ್ಕೂ ತಮಿಳಿನಿಂದ ಶುರುಮಾಡಬೇಕಾಯಿತು. ಪ್ರತಿ ತಂಡವೂ ಈಜಿಪ್ತಿಗೆ ಬಂದಾಗ ಅತ್ತಿತು. ಎದ್ದು ಹೊರಟ ಒಬ್ಬರನ್ನು ತಡೆದು, “ಕೂತುಕೊಳ್ಳಿ! ಜಪಾನ್ ಇನ್ನೂ ಬಾಕಿ ಇದೆ!” ಎಂದು ಗದರಿಸಿದೆ. ಪಾಪ, ಅವರು ನಡುಗುತ್ತಾ ಕೂತು ಜಪಾನ್ ಮುಗಿಸಿಕೊಂಡೇ ಹೋದರು.

ಫೋನ್ ಹೊಡೆದುಕೊಂಡದ್ದು ಆಗಲೇ. ಬಾಗಿಲ ಬಳಿ ಇದ್ದ ಹಸಮುಖಭಾಯಿ ನನಗೆ ತೊಂದರೆಯಾಗಬಾರದೆಂದು ತಾವೇ ಎತ್ತಿದರು.

“ಹಲೋ, ಕೋಣ್? … ಕೋಣ್?”

ಅವರ ಮುಖ ಚಾದರದ ಬಣ್ಣಕ್ಕೆ ತಿರುಗಿತು. ರಿಸೀವರನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ನನ್ನತ್ತ ಚಾಚಿದರು.

“ನಾಗವೇಣಿ,” ಎಂದಿತು ಯಜಮಾನರ ಮೆತ್ತನೆಯ ದನಿ, “ನಾ ತೀರಿಕೊಂಡೇನಂತ. ಖರೇ ಏನು?”

“ಯಾರು ಹೇಳಿದ್ರು?”

“ವಡೋದರಾದಾಗಿಂದ ನಮ್ಮ ಹಳೇ ಆಫೀಸಿನಾಂವ ಫೋನ್ ಮಾಡಿದ್ದ, ಮಲ್ಲಿಕಾರ್ಜುನಗ ಸುದ್ದಿ ತಿಳಸಾಕ. ನಾನ ಎತ್ತಿದೆ. ಬಾಳ ಅತ್ತ, ಪಾಪ.”

“ನೀವು ಏನಂದ್ರಿ?”

“ಏನ ಅನ್ನಲಿ? ಅಷ್ಟ ಅಳಾಕತ್ತಿದ್ದ. ಸಮಾಧಾನ ಮಾಡಿ ಇಟ್ಟೆ.”

ತಮ್ಮ ಸಾವಿನ ಸುದ್ದಿಯನ್ನು ತಾವೇ ಕೇಳಿ, ಅಲ್ಲಗಳೆಯಲು ಧೈರ್ಯ ಸಾಲದೆ, ಸುದ್ದಿ ತಂದವನನ್ನು ಸಂತೈಸಿದ ಮನುಷ್ಯ ಭೂಮಂಡಲದಲ್ಲಿ ಇನ್ನೊಬ್ಬರಿದ್ದರೆ ತೋರಿಸಿ!

“ಅಲ್ಲಿ ಏನ ನಡದದ ನಾಗವೇಣಿ?”

ಆಗ ನಾನು ಹಿಂದಿರುಗಿ ನೋಡಿದೆ.

ಅಧ್ಯಕ್ಷರ ಕೊರಳಿಗೆ ಗುಲಾಬಿಯ ದಪ್ಪ ಮಾಲೆ. ಹಣೆಗೆ ಗಂಧ. ಕುರ್ಚಿಯ ಮುಂದೆ ಮೊಣಕಾಲೆತ್ತರದ ಪಕಳೆಗಳು. ನಾನು ಹಚ್ಚಿದ್ದು ಒಂದು ಊದುಬತ್ತಿ, ಈಗ ಉರಿಯುತ್ತಿದ್ದದ್ದು ಒಂದು ಕಂತೆ. ಟೈ ಕಟ್ಟಿಕೊಂಡು ಅವರು ಎಲ್ಲವನ್ನೂ ಎಂದಿನ ಹಾಗೆ ಸಹಿಸಿಕೊಂಡು ಕೂತಿದ್ದರು.

ಅಭ್ಯಾಸಬಲ ದೊಡ್ಡದು. ಗಂಟಲು ಸರಿಮಾಡಿಕೊಂಡು ಸಭೆಗೆ ಹೇಳಿದೆ, “ಒಂದು ತಿದ್ದುಪಡಿ ಇದೆ. ಅಧ್ಯಕ್ಷರು ಬದುಕಿದ್ದಾರೆ.”

ಸಭೆ ನನ್ನನ್ನು ಕರುಣೆಯಿಂದ ನೋಡಿತು. ಸುಲೋಚನಾಬೆನ್ ಎದ್ದು ಬಂದು ನನ್ನನ್ನು ಬಾಚಿ ತಬ್ಬಿಕೊಂಡರು. “ಅತ್ತುಬಿಡಿ ಬೆನ್. ಬೆಳಗಿನಿಂದ ಏನೇನೋ ಮಾತಾಡುತ್ತಿದ್ದೀರಿ, ಚೀನಾ ಅಂತ, ಹಕ್ಕಿ ಅಂತ. ಒಳಗೆ ಇಟ್ಟುಕೊಳ್ಳಬೇಡಿ.”

“ಅಳುವುದಕ್ಕೆ ಕಾರಣವೇ ಇಲ್ಲ!”

ಅದಕ್ಕೆ ಇಡೀ ಹೆಂಗಸರ ಸಾಲು ಒಟ್ಟಿಗೆ ಅತ್ತಿತು.

“ಇಲ್ಲಿದ್ದಾರೆ, ಬೇಕಿದ್ದರೆ ಮಾತಾಡಿ!” ಎಂದು ರಿಸೀವರ್ ಚಾಚಿದೆ. ಯಾರೂ ಮುಟ್ಟಲಿಲ್ಲ. ಅದೇ ಗಳಿಗೆಯಲ್ಲಿ ಬಾಗಿಲಲ್ಲಿ ಒಂದು ಗಾಲಿಯಷ್ಟು ದೊಡ್ಡ ಹೂಚಕ್ರ ಕಾಣಿಸಿತು. ಅದರ ಹಿಂದೆ ವಡೋದರಾದ ಹಳೆಯ ಆಫೀಸಿನ ಜೀಪಿನ ತುಂಬ ಜನ. ಮೊದಲು ಬಂದವನ ಕೈಗೇ ರಿಸೀವರ್ ತುರುಕಿದೆ. ಆತ ಕೇಳಿಸಿಕೊಂಡ, ಬಾಯಿ ತೆರೆದ, ಕೊನೆಗೆ ಹೂಚಕ್ರದ ಮೇಲೆಯೇ ಕುಸಿದು ಕೂತ. “ಸಾಹೇಬರೇ,” ಎಂದ. “ಅವರೇ. ‘ಊಟ ಆಯ್ತಾ’ ಅಂತ ಕೇಳುತ್ತಿದ್ದಾರೆ.”

ಆಗ ನಂಬಿದರು.

ಸುಲೋಚನಾಬೆನ್ ಕಣ್ಣೊರೆಸಿಕೊಂಡು ನನಗೆ ಪಾಠ ಹೇಳಿದರು. ಇಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಒಂದು ದಿನ ಎರಡು ಗಂಟೆ ಹೊತ್ತು ‘ಬೇಸಣುಂ’ ಇಡುತ್ತಾರೆ. ಹಲಗೆಯ ಮೇಲೆ ಹೋದವರ ಹೆಸರು, ಹೊತ್ತು ಬರೆಯುತ್ತಾರೆ. ನೆಲಕ್ಕೆ ಬಿಳಿ ಚಾದರ, ಕುರ್ಚಿಯ ಮೇಲೆ ಫೋಟೋ, ಪಕ್ಕದಲ್ಲಿ ದೀಪ. ಬಂದವರು ಬಿಳಿ ಉಟ್ಟು, ಸುಮ್ಮನೆ ಸ್ವಲ್ಪ ಹೊತ್ತು ಕೂತು, ಕೈಮುಗಿದು ಹೋಗುತ್ತಾರೆ. “ಭಾಯಿ ಶುಕ್ರವಾರ ಚೀಲ ಹಿಡಿದು ಸೂರತ್ತಿಗೆ ಹೋದದ್ದನ್ನು ಹಾಲಿನವನು ನೋಡಿದ್ದ. ಆಮೇಲೆ ಬರಲೇ ಇಲ್ಲ. ಅಲ್ಲೇ ಹಾರ್ಟ್ ನಿಂತಿತೇನೋ ಅಂದುಕೊಂಡೆವು. ವಡೋದರಾದ ಆಫೀಸಿಗೂ ನಮ್ಮವರೇ ಫೋನ್ ಮಾಡಿ ತಿಳಿಸಿದರು. ಹೆಚ್ಚು ಕೇಳಲು ಧೈರ್ಯ ಬರಲಿಲ್ಲ ಬೆನ್. ನಿಮ್ಮನ್ನು ಏನಾದರೂ ಕೇಳುವುದು ಅಂದರೆ…”

ನನಗೆ ಈ ಊರಿನಲ್ಲಿ ಯಾರೂ ಪ್ರಶ್ನೆ ಕೇಳದ ಕಾರಣ ತಿಳಿಯಿತು.

“ಗರ್ಬಾ ನಿಂತದ್ದು?” ಎಂದೆ ಮೆಲ್ಲಗೆ.

“ನಿಂತದ್ದಲ್ಲ, ಇವರೇ ನಿಲ್ಲಿಸಿದರು. ನಿಮ್ಮ ಮನೆಯಲ್ಲಿ ದುಃಖ ಇರುವಾಗ ನಾವು ಕುಣಿಯುವುದು ಹೇಗೆ? ಈ ವರ್ಷದ ನವರಾತ್ರಿ ಇಷ್ಟೇ ಅಂತ ಎಲ್ಲರೂ ಒಪ್ಪಿಕೊಂಡೆವು. ಹುಡುಗಿಯರು ಅತ್ತರು, ಹೊಸ ಘಾಗ್ರಾ ಹೊಲಿಸಿದ್ದರಲ್ಲ. ಪರವಾಗಿಲ್ಲ ಬಿಡಿ.”

ಯಾರ ಸದ್ದಿನ ಮೇಲೆ ದೂರು ಕೊಟ್ಟಿದ್ದೆನೋ ಅವರು ನನ್ನ ಗಂಡನಿಗಾಗಿ, ಎರಡು ಮಾತೂ ಆಡದ ಆ ಮನುಷ್ಯನಿಗಾಗಿ, ವರ್ಷದ ಹಬ್ಬವನ್ನು ಮಡಚಿ ಒಳಗಿಟ್ಟಿದ್ದರು. ನಾನು ಅವರಿಗೆ ಜಪಾನ್ ಮುಗಿಯುವ ತನಕ ಏಳಬೇಡಿ ಎಂದಿದ್ದೆ! ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮುಖಕ್ಕೆ ತಣ್ಣೀರು ಸುರಿದುಕೊಂಡೆ. ಬಿಸಿ ಇಳಿಯಲಿಲ್ಲ. ಹೊರಗೆ ಬಂದಾಗ ಒಲೆಯ ಪಕ್ಕ ಯಾರದೋ ಮನೆಯ ಖಿಚಡಿ, ಕಢಿ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಬೆಳಿಗ್ಗೆಯೇ ಬೇಯಿಸಿಟ್ಟಿದ್ದರು. “ಮಾಡಿದ್ದು ಮಾಡಿಯಾಯಿತು, ತಿನ್ನಿ,” ಎಂದರು. ತಿಂದೆ. ರುಚಿಯಾಗಿತ್ತು, ಅದು ಇನ್ನೂ ನಾಚಿಕೆ.

ಯಜಮಾನರು ಸೂರತ್ತಿನ ರೈಲಿಳಿದು ಗೇಟಿಗೆ ಬರುವಾಗ ಸಂಜೆಯ ಆರತಿಯ ಹೊತ್ತು. ಹಲಗೆಯನ್ನು ನಾನೇ ಒರೆಸಿದ್ದೆ. ಪೆಂಡಾಲಿನಲ್ಲಿ ದೀಪ ಹಚ್ಚಿದ್ದರು, ಜನ ಸೇರಿದ್ದರು. ಆದರೆ ಒಂದು ವಿಚಿತ್ರ. ಯಾರೂ ಕುಣಿಯುತ್ತಿರಲಿಲ್ಲ. ಒಮ್ಮೆ ಶೋಕ ಸಾರಿ ನಿಲ್ಲಿಸಿದ ಗರ್ಬಾವನ್ನು ಮತ್ತೆ ಮೊದಲು ಮೆಟ್ಟುವವರು ಯಾರು? ಶಕುನ ಹೇಗೋ ಏನೋ. ಡೋಲಿನವನು ಬಾರಿಸುತ್ತಿದ್ದ. ಹುಡುಗಿಯರು ಹೊಸ ಘಾಗ್ರಾ ಹಿಡಿದುಕೊಂಡು ಅಂಚಿನಲ್ಲಿ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಕುಣಿತದ ನಡುವೆ ಇಡುವ ದೇವಿಯ ದೀಪದ ಗಡಿಗೆಯ ಸುತ್ತ ಅಂಗಳ ಬರಿದಾಗಿತ್ತು.

“ಏನಾತು?” ಎಂದರು ಯಜಮಾನರು. ಹೇಳಿದೆ. ನಾನು ಜೀವಮಾನದಲ್ಲಿ ಅಷ್ಟು ಚಿಕ್ಕ ದನಿಯಲ್ಲಿ ಮಾತಾಡಿದ್ದಿಲ್ಲ.

ಅವರು ಚೀಲವನ್ನು ನನ್ನ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟರು. ಪ್ಯಾಂಟಿನ ಅಂಚನ್ನು ಎರಡು ಮಡಿಕೆ ಮೇಲೇರಿಸಿದರು. ಇಡೀ ಸೊಸೈಟಿ ನೋಡುತ್ತಿರುವಾಗ ಒಬ್ಬರೇ ಆ ಬರಿದಾದ ಅಂಗಳದ ನಡುವೆ ಹೋಗಿ, ಗಡಿಗೆಗೆ ಕೈಮುಗಿದು, ಚಪ್ಪಾಳೆ ತಟ್ಟಿ ಕುಣಿಯಲು ಶುರುಮಾಡಿದರು. ಕಾಲು ತಪ್ಪು. ತಾಳ ತಪ್ಪು. ಸುತ್ತುತ್ತಿದ್ದ ದಿಕ್ಕೂ ತಪ್ಪು. ನಿಲ್ಲಿಸಲಿಲ್ಲ.

ಮೊದಲು ಒಬ್ಬ ಹುಡುಗಿ ಕಿಸಕ್ಕೆಂದು ನಕ್ಕಳು. ಆಮೇಲೆ ಅವಳೇ ಒಳಗೆ ಜಿಗಿದಳು. ಆಮೇಲೆ ಎಲ್ಲರೂ.

ಸುಲೋಚನಾಬೆನ್ ನನ್ನ ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದರು, “ಬೆನ್, ಕೋಪ ಮಾಡಿಕೊಳ್ಳಬೇಡಿ. ಭಾಯಿ ಬದುಕಿದ್ದಾಗ ಇಷ್ಟು ಚುರುಕಿರಲಿಲ್ಲ!”

ಸುತ್ತು ನನ್ನ ಮುಂದೆ ಬಂದಾಗ ಯಜಮಾನರು ಏದುಸಿರು ಬಿಡುತ್ತಾ ಕೈ ಚಾಚಿದರು. ಎಲ್ಲರೂ ನನ್ನ ಕಡೆಗೆ ತಿರುಗಿದರು. ಎಂಥೆಂಥ ವಿದ್ವತ್ಸಭೆಗಳಲ್ಲಿ ನಿಂತು ಮಾತಾಡಿದವಳು ನಾನು. ಚೀಲವನ್ನು ಎದೆಗವಚಿಕೊಂಡು ಸುಲೋಚನಾಬೆನ್ ಬೆನ್ನ ಹಿಂದೆ ಹೋಗಿ ಅಡಗಿ ನಿಂತೆ. ಪುಣ್ಯಕ್ಕೆ ಆಕೆ ಸ್ವಲ್ಪ ಅಗಲವಾದ ಹೆಂಗಸು.